ಕೈಯಲ್ಲೇ ಉಳಿದ ಎತ್ತು

ನಿಲಂಗಾದ ಟೂರ್ನಮೆಂಟಿನಲ್ಲಿ ಮೀನಲಳನ್ನು ಸೋಲಿಸಿದ್ದು ನಿಲೇಶ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳು. ಸೋಲಿಸಿದವನು ನಾನು, ಕೈಲಾಸ. ಅವಳ ಬೆನ್ನ ಹಿಂದೆ ಪ್ರೀತಿಯಿಂದ ನಿಂತಿದ್ದ ಮಹಾ ಬುದ್ಧಿಗೇಡಿ.

ಮೊದಲಿಂದ ಹೇಳುತ್ತೇನೆ. ಕನ್ನಡ, ಮರಾಠಿ ಎರಡೂ ಆಡುವ ನಮ್ಮ ಗಡಿಸೀಮೆಯ ಉದಗೀರದ ಒಂದು ಸ್ಟೇಷನರಿ ಅಂಗಡಿಯ ಮಾಳಿಗೆಯಲ್ಲಿ ಭಾನುವಾರ ಕಾರ್ಡ್ ಆಟ ನಡೆಯುತ್ತದೆ. ಇಸ್ಪೀಟಲ್ಲ, ನಲವತ್ತು ಕಾರ್ಡು ಆರಿಸಿ ನಾವೇ ಡೆಕ್ ಕಟ್ಟಿ, ಪ್ರಾಣಿಗಳನ್ನು ಕಣಕ್ಕಿಳಿಸಿ ಕಾದಾಡಿಸುವ ಆಟ. ಉಮರ್ಗಾದ ನಮ್ಮ ಬೀಜದ ಅಂಗಡಿಯಿಂದ ತಪ್ಪಿಸಿಕೊಂಡು, ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ.

ಮೊದಲ ದಿನ ಮೀನಲ ಬೇಡದ ಕಾರ್ಡುಗಳ ಡಬ್ಬಿಯಲ್ಲಿ ಕೈಯಾಡಿಸಿ ಒಂದು ಮುದಿ ಎತ್ತನ್ನು ಹೊರತೆಗೆದಳು.

"ಕಸ ಅದ ರೀ ಅದು," ಎಂದೆ. "ಯಾರೂ ಆಡಲ್ಲ."

ಅವಳ ಹುಬ್ಬು ಮೇಲೇರಿತು. "ವಾಚತಾ ಯೇತಂ ಕಾ ತುಲಾ?" ನಿನಗೆ ಓದಲು ಬರುತ್ತದಾ ಅಂತ. ಮೀನಲಳಿಗೆ ಸಿಟ್ಟು ಬಂದರೆ ಕನ್ನಡ ಹೋಗಿ ಮರಾಠಿ ಬರುತ್ತದೆಂದು ಆಮೇಲೆ ತಿಳಿಯಿತು.

ಓದಿದೆ. ಕಣದಲ್ಲಿ ನಮ್ಮ ಒಂದು ಪ್ರಾಣಿಯೂ ಉಳಿಯದಿದ್ದಾಗ ಮಾತ್ರ ಎತ್ತು ಕೈಯಿಂದ ಎದ್ದು ಬರುತ್ತದೆ, ಎದುರಾಳಿಯನ್ನು ಒಂದೇ ಏಟಿಗೆ ಗುಮ್ಮಿ ಆಟ ಗೆಲ್ಲಿಸುತ್ತದೆ.

"ಎಲ್ಲಾ ಹೋಯ್ತು ಅಂತ ಎದುರಿನಂವಾ ನಗತಿರ್ತಾನ ನೋಡು, ಆಗ ಏಳ್ತದ ನಮ್ಮ ದೇವಣಿ ಎತ್ತು!" ನಮ್ಮ ಕಡೆಯ ಹೆಸರಾಂತ ತಳಿಯ ಹೆಸರನ್ನೇ ಅದಕ್ಕಿಟ್ಟು, ತುಟಿ ಕಚ್ಚಿ ನಕ್ಕಳು. ಸಿಟ್ಟು ಇಳಿದು ಕನ್ನಡ ಬಂದಿತ್ತು. ನನ್ನ ಕಥೆ ಅವತ್ತೇ ಮುಗಿಯಿತು.

ಅಂಗಡಿಯ ಮಂದಿ ಆ ಕಾರ್ಡು ನೋಡಿ ನಕ್ಕರು. ಅವಳು ಬಿಡಲಿಲ್ಲ, ಗುಟ್ಟಾಗಿ ನನ್ನ ಜೊತೆ ಮಾತ್ರ ಅಭ್ಯಾಸ ಮಾಡಿದಳು. ನಿಲಂಗಾದಲ್ಲಿ ಗೆದ್ದವರಿಗೆ ಪುಣೆಯ ದೊಡ್ಡ ಟೂರ್ನಮೆಂಟಿಗೆ ಪ್ರವೇಶ. ಅವಳಿಗೆ ಪುಣೆಯ ಚಿಂತೆ ಇರಲಿಲ್ಲ.

"ಇದು ಒಮ್ಮೆರ ನಡೀಬೇಕು ಕೈಲಾಸ. ಇಲ್ಲಂದ್ರ ನನ್ನ ತಲೀನೇ ಎಡವಟ್ಟು ಅನ್ನೋದು ಖರೆ ಆಗ್ತದ. ಮತ್ತ ಡೆಕ್ ಮುಟ್ಟಲ್ಲ ನಾ."

ಫೈನಲ್ಲಿಗೆ ಬಂದಳು. ಎದುರಿಗೆ ನಿಲೇಶ, ಬಾಯಿ ತೆರೆದರೆ ಬರೀ ಮರಾಠಿ. ಕಣದಲ್ಲಿ ಅವಳ ಒಂದು ನರಿ, ಒಂದು ಮೊಲ ಉಳಿದಿದ್ದವು. ಎತ್ತು ಕೈಯಲ್ಲಿತ್ತು, ಹಿಂದೆ ನಿಂತ ನನಗೆ ಕಾಣುತ್ತಿತ್ತು. ಅವಳು ಕೈಯ ಕಾರ್ಡುಗಳನ್ನು ಸುಮ್ಮಸುಮ್ಮನೆ ಹಿಂದೆ ಮುಂದೆ ಜೋಡಿಸುತ್ತಿದ್ದಳು. ನನ್ನಿಂದ ನೋಡಲಾಗಲಿಲ್ಲ. ನೋಡುವವರು ಬಾಯಿ ಬಿಡಬಾರದು, ಗೊತ್ತಿತ್ತು. ಆದರೂ ಫೋನ್ ಕಿವಿಗಿಟ್ಟು, ಯಾರ ಜೊತೆಗೋ ಎಂಬಂತೆ ಕನ್ನಡದಲ್ಲಿ ಹೇಳಿದೆ:

"ಹೆದರಬ್ಯಾಡ. ಎತ್ತು ಕೈಯಾಗೇ ಅದ. ಎಲ್ಲಾ ಖಾಲಿ ಆಗಲಿ, ಎದ್ದ ಬರ್ತದ."

ಅವಳು ತಿರುಗಲಿಲ್ಲ. ಕೆನ್ನೆ ಮಾತ್ರ ಸ್ವಲ್ಪ ಉಬ್ಬಿತು, ಕದ್ದು ನಗುವಾಗ ಉಬ್ಬುವ ಹಾಗೆ. ಅಯ್ಯೋ, ಆ ಕೆನ್ನೆ ನೋಡಿ ಎಷ್ಟು ಹಿಗ್ಗಿದ್ದೆ ನಾನು!

ನಿಲೇಶನ ಕೈ ಒಂದು ಗಳಿಗೆ ನಿಂತಿತು. ನರಿಯನ್ನು ಕೊಂದ, ಮೊಲವನ್ನು ಮುಟ್ಟಲಿಲ್ಲ. ಮತ್ತೆ ಮತ್ತೆ ಮೊಲವನ್ನು ದಾಟಿ ನೇರವಾಗಿ ಅವಳ ಪಾಯಿಂಟುಗಳನ್ನೇ ಹೊಡೆದು ಮುಗಿಸಿದ. ಕಣ ಖಾಲಿಯಾಗಲಿಲ್ಲ, ಎತ್ತು ಏಳಲಿಲ್ಲ. ಮೀನಲ ಸೋತಳು.

ಚಹಾದಂಗಡಿಯಲ್ಲಿ ನಿಲೇಶ ನನ್ನ ಭುಜ ತಟ್ಟಿದ. "ಥ್ಯಾಂಕ್ಸ್ ರೀ. ನಮ್ಮ ಅವ್ವಂದು ಗುಂಜೋಟಿ. ಮನ್ಯಾಗ ಕನ್ನಡನೇ."

ನಮ್ಮ ಉಮರ್ಗಾದ ಪಕ್ಕದ ಊರು ಗುಂಜೋಟಿ! ಇಲ್ಲಿ ಯಾರ ಅವ್ವ ಯಾವ ಮಾತಿನವಳೆಂದು ಕೇಳದೆ ಬಾಯಿ ಬಿಡಬಾರದು. ಇದೇ ಸೀಮೆಯಲ್ಲಿ ಹುಟ್ಟಿ ನಾನು ಅಷ್ಟು ತಿಳಿಯದೆ ಹೋದೆ.

ಬಸ್ ಸ್ಟ್ಯಾಂಡಿನಲ್ಲಿ ಮೀನಲ ಎತ್ತಿನ ಕಾರ್ಡನ್ನು ನನ್ನ ಅಂಗೈಗಿಟ್ಟಳು. "ಇಟ್ಕೋ. ಖರೇನೇ ಕಸ ಅದು. ಇನ್ನ ಆಡಲ್ಲ. ನೀ ಒಬ್ಬನೇ ನಂಬಿದ್ದಿ, ಅಷ್ಟ ಸಾಕು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮ್ಮನಿದ್ದರೆ ಅವಳ ಕಣ್ಣಲ್ಲಿ ನಾನು ಒಳ್ಳೆಯವನಾಗಿಯೇ ಉಳಿಯುತ್ತೇನೆ. ಆದರೆ ಅವಳು ತನ್ನ ತಲೆಯನ್ನೇ ಕಸ ಎಂದು ನಂಬಿಬಿಡುತ್ತಾಳೆ. ಉಮರ್ಗಾ ಬಸ್ಸು ಬಿಟ್ಟು ಅವಳ ಉದಗೀರ ಬಸ್ಸು ಹತ್ತಿದೆ.

"ಎಲ್ಲಿಗ್ಯೋ?"

"ಎತ್ತು ಕಸ ಅಲ್ಲ ಮೀನಲ. ನಾ ಕಸ." ಎಲ್ಲ ಹೇಳಿದೆ: ಗುಂಜೋಟಿ, ನಿಲೇಶ, ಮೊಲ. "ನೀ ಹೆದರೋದು ನೋಡ್ಕೊಂತ ಸುಮ್ನ ನಿಂದ್ರಲಾಕ ಆಗಲಿಲ್ಲ. ನೀ ಅಂದ್ರ ನನಗ ಜೀವ. ಹೇಳಲಾಕ ಇದು ವ್ಯಾಳೆ ಅಲ್ಲ, ಗೊತ್ತದ."

ಅವಳು ಕಿಟಕಿಯತ್ತ ತಿರುಗಿದಳು. ದಾರಿಯ ದೇವಣಿ ಊರು ಬಂತು.

"ಉತರ," ಎಂದಳು. ಇಳಿ ಅಂತ, ಮರಾಠಿಯಲ್ಲಿ.

ಇಳಿದೆ. ಬಸ್ಸು ಹೋಯಿತು. ಎತ್ತಿನ ಕಾರ್ಡು ಹಿಡಿದು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತೆ. ಮಾಡಿದ ತಪ್ಪು ಹೇಳಿದ ಮೇಲೂ ಹಗುರಾಗಲಿಲ್ಲ.

ಅರ್ಧ ಗಂಟೆಯ ಮೇಲೆ ಫೋನ್ ಅಲುಗಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು, ಮಾತು ಮಾತ್ರ ಕನ್ನಡ:

"ರವಿವಾರ ಬಾ. ನನ್ನ ಎತ್ತು ತಗೊಂಡ ಬಾ. ಆಟದಾಗ ಬಾಯಿ ಬಿಟ್ಟರ ಹಲ್ಲು ಮುರೀತೀನಿ. ಆ ಇನ್ನೊಂದು ಮಾತು ಹೇಳಿದೆಲ್ಲ, ಅದನ್ನ ಜೋರಾಗಿ ಹೇಳು. ಅದು ಯಾರಿಗಿ ತಿಳಿದರೂ ನಡೀತದ."