ಮಾರ್ಬಲ್ ಮೇಲಿನ ಮಂಕು ಉಂಗುರ

"ಅಮ್ಮಾರೇ, ನಮ್ಮಪ್ಪನ್ನ ಸಾಯಿಸಿದ್ದು ನಮ್ಮನೆ ಕೆಲಸದ ಮಾರಮ್ಮ ಅಲ್ಲ. ಇವತ್ತು ಸಂಜೆ ಅವಳ ಮೇಲೆ ಕೇಸ್ ಬರ್ಕೋತಾರಂತೆ. ನೀವೇ ಏನಾದ್ರೂ ಮಾಡ್ಬೇಕು."

ತರೀಕೆರೆಯ ಅಂಬಮ್ಮನ ಜಗಲಿಯಲ್ಲಿ ನಿಂತು ಹೀಗೆಂದವಳು ಅಜ್ಜಂಪುರದ ಈರುಳ್ಳಿ ವ್ಯಾಪಾರಿ ಓಂಕಾರೇಶನ ಒಬ್ಬಳೇ ಮಗಳು ಕೃತಿಕಾ. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. ಅಂಬಮ್ಮ ನಿವೃತ್ತ ಹೆಡ್ ನರ್ಸ್. ಮೂವತ್ತು ವರ್ಷ ಗಾಯ ತೊಳೆದ ಆಕೆ ಸುಳ್ಳು ಹೇಳುವವನ ನಾಡಿಯನ್ನು ಹತ್ತು ಮಾರು ದೂರದಿಂದಲೇ ಎಣಿಸಬಲ್ಲಳೆಂದು ಮೂರು ತಾಲ್ಲೂಕಿನ ಕಳ್ಳರೆಲ್ಲ ಆ ಬೀದಿಯನ್ನೇ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

ಒಳಗಿನಿಂದ ಕಿವಿ ಕೊಟ್ಟು ಕೇಳುತ್ತಿದ್ದವನು ತಿಪ್ಪೇಶ. ಅಂಬಮ್ಮನ ಹಿತ್ತಲ ಕೋಣೆಯ ಬಾಡಿಗೆದಾರ, ಆಕೆಯ ಬಲಗೈ. ಕಡೂರಿನ ತನಕ ಕಲ್ಲಿಗೆ ಪಾಲಿಶ್ ಹಾಕುವವರು ನೂರು ಜನ ಸಿಕ್ಕಾರು, ತಿಪ್ಪೇಶ ಒಬ್ಬನೇ. ಅವನು ತಿಕ್ಕಿದ ಮಾರ್ಬಲ್ ಮೇಲೆ ಕೂತ ನೊಣ ತನ್ನ ಮುಖ ನೋಡಿಕೊಂಡು ಮೀಸೆ ತೀಡಿ ಎದ್ದು ಹೋಗುತ್ತಿತ್ತು. ಲಕ್ಕವಳ್ಳಿಯಲ್ಲಿ ಎಮ್ಮೆಯೊಂದು ಅವನ ನೆಲವನ್ನು ಕೆರೆಯೆಂದು ತಿಳಿದು ಇಳಿಯಲು ಹೋಗಿ ಮೂತಿ ಜಜ್ಜಿಕೊಂಡಿತ್ತು. ಇದು ಸುಳ್ಳಾದರೆ ಎಮ್ಮೆಯನ್ನೇ ಕೇಳಬಹುದು.

"ಓಂಕಾರಪ್ಪನವರ ಸ್ನಾನದ ಮನೆ ನೆಲ ನಂದೇ ಅಮ್ಮಾರೇ," ಎಂದು ಅವನು ಎದೆ ಉಬ್ಬಿಸಿ ಹೊರಬಂದ. "ಹತ್ತು ದಿನದ ಹಿಂದೆ ಎರಡನೇ ಸಲ ಪಾಲಿಶ್ ಮಾಡಿ ಬಂದೆ. ಚಂದ್ರ ಅದನ್ನ ನೋಡಿ ನಾಚ್ಕೊಂಡು..."

"ಚಂದ್ರನ್ನ ಆಮೇಲೆ ಕರಿಯೋಣ, ಸುಮ್ನಿರು," ಎಂದಳು ಅಂಬಮ್ಮ. "ಹೇಳವ್ವ, ನಡೆದಿದ್ದೇನು?"

ಕೃತಿಕಾ ಹೇಳಿದಳು. ಮೂರು ದಿನದ ಹಿಂದೆ ಆಕೆ ಆರು ಗಂಟೆಗೆ ಸ್ನಾನ ಮುಗಿಸಿ, ಕಡೂರಿನ ಬ್ಯಾಂಕಿನ ಕೆಲಸಕ್ಕೆಂದು ರೈಲು ಹಿಡಿದಿದ್ದಳು. ಮನೆಯಲ್ಲಿ ಉಳಿದವರು ಅಪ್ಪ, ಚಿಕ್ಕಪ್ಪ ಕಾಂತರಾಜ್, ಕೆಲಸದ ಮಾರಮ್ಮ, ಮೂವರೇ. ಏಳಕ್ಕೆ ಸ್ನಾನದ ಮನೆ ಒರೆಸಿದ ಮಾರಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯಲು ಕೂತಳು. ಎಂಟಕ್ಕೆ ಬಂದು ನೋಡಿದರೆ ಶವರ್ ಸುರಿಯುತ್ತಿದೆ, ಅದರ ಕೆಳಗೆ ಓಂಕಾರೇಶ ಸತ್ತು ಬಿದ್ದಿದ್ದಾನೆ. ನೆಲವೆಲ್ಲ ಸೋಪಿನ ಜಾರು.

"ಮಾರಮ್ಮ ಬೇಕು ಅಂತ್ಲೇ ಸೋಪು ಸುರಿದ್ಲು ಅಂತ ಚಿಕ್ಕಪ್ಪ ಕಂಪ್ಲೇಂಟ್ ಕೊಟ್ಟಿದಾರೆ."

"ಪೆಟ್ಟು ಎಲ್ಲಿ ಬಿದ್ದಿತ್ತು?"

"ತಲೆ ಹಿಂದ್ಗಡೆ. ಮಣ್ಣು ಮಾಡೋ ಮುಂಚೆ ನೋಡ್ದೆ. ಗಡ್ಡ ಒಂದು ಕೆನ್ನೇಲಿ ಮಾತ್ರ ಹೆರೆದಿತ್ತು. ಇನ್ನೊಂದು ಕೆನ್ನೇಲಿ ಹಾಗೇ ಇತ್ತು." ಆಕೆ ತಲೆ ತಗ್ಗಿಸಿದಳು. "ಇನ್ನೊಂದು ಮಾತು ಅಮ್ಮಾರೇ. ನಾನು ಮಾರಮ್ಮನ ಮಗ ಹೊನ್ನೇಶನ್ನ ಮದ್ವೆ ಆಗ್ತೀನಿ ಅಂದಿದ್ದೆ. ಅಪ್ಪ ಎರಡು ತಿಂಗಳು ಮಾತು ಬಿಟ್ಟಿದ್ರು. ಹೋದ್ವಾರ ಅವರೇ ಆ ಕೇರಿಗೆ ಹೋಗಿ, ಮಾರಮ್ಮನ ಮನೇಲಿ ಕಾಫಿ ಕುಡಿದು, ಒಪ್ಕೊಂಡು ಬಂದ್ರು."

ಅಂಬಮ್ಮ ಚಪ್ಪಲಿ ಮೆಟ್ಟಿದಳು.

ಅಜ್ಜಂಪುರದ ಮನೆಯ ಸ್ನಾನದ ಮನೆಗೆ ಪೊಲೀಸರ ಬೀಗ ಬಿದ್ದಿತ್ತು. ಸಬ್ಇನ್ಸ್‌ಪೆಕ್ಟರ್ ಅಂಬಮ್ಮನ ಮೇಲಿನ ಗೌರವಕ್ಕೆ ತಾವೇ ಬಂದು ತೆಗೆದರು. ಮೂರು ದಿನದಲ್ಲಿ ನೆಲ ಪೂರ್ತಿ ಒಣಗಿತ್ತು. ಒಳಗೆ ಕಾಲಿಟ್ಟ ತಿಪ್ಪೇಶ ಹೆತ್ತ ಮಗುವಿಗೆ ಬರೆ ಎಳೆದವರನ್ನು ಕಂಡವನಂತೆ ಕೂಗಿದ.

"ಅಯ್ಯೋ, ಯಾವನೋ ಹುಳಿ ಹಾಕವ್ನೆ ಕಣ್ರಮ್ಮಾ!"

ಶವರಿನ ಮೂಲೆಯಲ್ಲಿ, ಹೊಳೆಯುವ ಬಿಳಿ ಕಲ್ಲಿನ ಮೇಲೆ, ಅಂಗೈಯಗಲದ ಒಂದು ಮಂಕು ಉಂಗುರವಿತ್ತು. ಸುತ್ತ ಹನಿ ಹನಿ ಕಲೆ. ತಿಪ್ಪೇಶ ಮಂಡಿಯೂರಿ ಉಗುರಾಡಿಸಿದ. "ಇದು ಕೊಳೆ ಅಲ್ಲ, ಕಲ್ಲೇ ತಿಂದೋಗಿದೆ. ನಿಂಬೆಹಣ್ಣು, ಆಸಿಡ್, ಹುಣಸೆಹಣ್ಣು, ಹುಳಿ ಅಂತ ಯಾವ್ದು ಬಿದ್ರೂ ಪಾಲಿಶ್ ಸತ್ತೋಗುತ್ತೆ. ನೆಲ ಒದ್ದೆ ಇದ್ದಾಗ ಕಾಣಲ್ಲ, ಒಣಗಿದ್ಮೇಲೆ ಎದ್ದು ಬರುತ್ತೆ."

ಅಂಬಮ್ಮ ನೀರು ಹೋಗುವ ಜಾಲರಿಯನ್ನು ಎತ್ತಿಸಿದಳು. ಅದರ ಕೆಳಗೆ ಕಂದು ಬಣ್ಣದ ನಾರು ಸಿಕ್ಕಿಕೊಂಡಿತ್ತು. ಮೂಸಿ ನೋಡಿ ಸಬ್ಇನ್ಸ್‌ಪೆಕ್ಟರರ ಕೈಗೆ ಕೊಟ್ಟಳು. ಕಿಟಕಿಯಲ್ಲಿ ಸೋಪಿನ ಬಾಟಲಿ ಖಾಲಿಯಾಗಿ ನಿಂತಿತ್ತು.

ಆಮೇಲೆ ಆಕೆ ಠಾಣೆಗೆ ಹೋದಳು. ಮಾರಮ್ಮ ಬೆಂಚಿನ ತುದಿಯಲ್ಲಿ ಮುದುರಿ ಕೂತಿದ್ದಳು.

"ಹೆಂಗೆ ಒರೆಸ್ತಿದ್ದೆ ಮಾರಮ್ಮ?"

"ಉಗುರು ಬೆಚ್ಚಗಿನ ನೀರು, ಒಂದು ಮುಚ್ಚಳ ಸೋಪು, ಮೆತ್ತನೆ ಬಟ್ಟೆ. ಆಮೇಲೆ ಬರೀ ನೀರು. ಆಮೇಲೆ ವೈಪರ್ ಎಳೆದು ಒಣಬಟ್ಟೇಲಿ ಒರ್ಸೋದು. ಒಂದು ತೊಟ್ಟು ನೀರು ನಿಂತಿದ್ರೂ ಯಜಮಾನ್ರು ಬೈಯೋರು. ಬಾಟ್ಲಿ ಹಿಂದಿನ ದಿನ ತಂದಿದ್ದು ಅವ್ವಾ, ಮೂರು ತಿಂಗ್ಳು ಬರೋದು."

"ತಿಪ್ಪೇಶನ ಪಾಲಿಶ್ ಆದ್ಮೇಲೆ ಮೂಲೇಲಿ ಕಲೆ ಏನಾದ್ರೂ ನೋಡಿದ್ಯಾ?"

"ಅವತ್ತು ಏಳಕ್ಕೆ ಒಣಗ್ಸಿ ಬಂದಾಗ ಕನ್ನಡಿ ಇದ್ದಂಗಿತ್ತು. ಕೆಲಸಕ್ಕೆ ಸೇರಿದ ದಿನಾನೇ ನಿಂಬೆಹಣ್ಣು ತಂದ್ರೆ ಕೈ ಕಡೀತೀನಿ ಅಂದಿದ್ರು. ಈಗ ಅವ್ರೇ ಇಲ್ಲ." ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸಂಜೆ ನಾಲ್ಕಕ್ಕೆ ಅಂಬಮ್ಮ ಎಲ್ಲರನ್ನೂ ಓಂಕಾರೇಶನ ಪಡಸಾಲೆಯಲ್ಲಿ ಸೇರಿಸಿದಳು. ಕಾಂತರಾಜ್ ಹಣೆ ತುಂಬ ವಿಭೂತಿ ಬಳಿದು ಕುರ್ಚಿಯಲ್ಲಿದ್ದ. ಠಾಣೆಯಿಂದ ಕರೆತಂದ ಮಾರಮ್ಮ, ಆಕೆಯ ಮಗ ಹೊನ್ನೇಶ ಬಾಗಿಲ ಬಳಿ ನಿಂತಿದ್ದರು. ತಿಪ್ಪೇಶನಿಗೋ, ತಾನೇ ಕೊಲೆಗಾರನನ್ನು ಹಿಡಿದು ಭದ್ರಾ ಡ್ಯಾಮಿನಾಚೆ ಎಸೆಯುವಷ್ಟು ಉಮೇದು. ಅಂಬಮ್ಮ ಕೆಕ್ಕರಿಸಿ ನೋಡಿದಳು. ಉಮೇದು ಇಳಿಯಿತು.

"ಕಾಂತರಾಜಪ್ಪ, ಅವತ್ತು ನೀವು ಸ್ನಾನದ ಮನೆಗೆ ಹೋಗಿದ್ರಾ?"

"ಇಲ್ಲ ಕಣ್ರೀ. ಇವಳು ಕಿರುಚಿದ್ಮೇಲೇ ಬಾಗಿಲ ತನಕ ಬಂದಿದ್ದು. ಒಳಗೆ ಕಾಲೇ ಇಟ್ಟಿಲ್ಲ."

"ದೇವರ ಮನೇಲಿ ತಾಮ್ರದ ಚೊಂಬು ನೋಡ್ದೆ. ಚೆನ್ನಾಗಿದೆ. ಮಾರಮ್ಮ ತಿಕ್ಕೋದಾ?"

ಕಾಂತರಾಜ್ ಕುರ್ಚಿಯಿಂದ ಅರ್ಧ ಎದ್ದ. "ಏನು ಮಾತು ಆಡ್ತೀರಿ? ಇವಳು ಮುಟ್ಟಿದ್ರೆ ಬುಕ್ಕಾಂಬುಧಿ ಕೆರೆಗೆ ಎಸೀತಿದ್ದೆ. ಪೂಜೆ ಚೊಂಬು ಅದು. ಕೃತಿಕಾನೂ ಮುಟ್ಟಲ್ಲ, ಅಣ್ಣನೂ ಮುಟ್ತಿರ್ಲಿಲ್ಲ. ದಿನಾ ಬೆಳಿಗ್ಗೆ ಹುಣಸೆಹಣ್ಣು ಹಾಕಿ ಹಿತ್ತಲ ನಲ್ಲೀಲಿ ನಾನೇ ತಿಕ್ಕೋದು. ಇಪ್ಪತ್ತು ವರ್ಷದಿಂದ ಬೇರೆ ಕೈ ಸೋಕಿಲ್ಲ."

"ಸಾಕು," ಎಂದಳು ಅಂಬಮ್ಮ. "ಸಾರ್, ಬರ್ಕೊಂಡ್ರಾ?"

ಸಬ್ಇನ್ಸ್‌ಪೆಕ್ಟರ್ ತಲೆಯಾಡಿಸಿ, ಕೈಗವಸು ತೊಟ್ಟು ಚೊಂಬನ್ನು ತಂದರು. ಎಲ್ಲರೂ ಸ್ನಾನದ ಮನೆಯ ಬಾಗಿಲಿಗೆ ಬಂದರು. ಚೊಂಬಿನ ತಳವನ್ನು ಮಂಕು ಉಂಗುರದ ಮೇಲಿಟ್ಟರೆ ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ.

ಅಂಬಮ್ಮನ ದನಿ ಏರಲಿಲ್ಲ. "ಅರ್ಧ ಗಡ್ಡ ಹೆರೆದವನು ಶವರ್ ಕೆಳಗೆ ಯಾಕೆ ನಿಲ್ತಾನೆ? ಓಂಕಾರಪ್ಪ ನಿಂತಿದ್ದು ಆ ಗೋಡೆ ಕನ್ನಡಿ ಮುಂದೆ. ಹಿಂದಿನಿಂದ ಬಂದವನು ಕನ್ನಡೀಲಿ ಕಂಡೇ ಕಂಡಿರ್ತಾನೆ. ಆದ್ರೂ ತಿರುಗ್ಲಿಲ್ಲ ಅಂದ್ರೆ ಬಂದವನು ಮನೆಯವನು. ಮದ್ವೆ ಮಾತಿಗೆ ಜಗಳ ಹತ್ತಿದೆ. ಚೊಂಬು ಕೈಲೇ ಇತ್ತು, ಹುಣಸೆಹಣ್ಣು ಅದರೊಳಗೇ ಇತ್ತು. ಹೊಡೆದ್ಮೇಲೆ ರಕ್ತದ ಚೊಂಬು ಹಿಡ್ಕೊಂಡು ಹಿತ್ತಲಿಗೆ ಹೋಗೋ ಹಂಗಿಲ್ಲ, ಅಲ್ಲಿ ಮಾರಮ್ಮ ಬಟ್ಟೆ ಒಗೀತಾ ಇದ್ಲು. ಅದಕ್ಕೇ ಇಲ್ಲೇ ತಿಕ್ಕಿ, ಹುಳಿ ಚೊಂಬನ್ನ ಈ ಮೂಲೇಲಿಟ್ಟು, ಅಣ್ಣನ್ನ ಎಳೆದು ಮಲಗ್ಸಿ, ಬಾಟ್ಲಿ ಸೋಪೆಲ್ಲ ಸುರಿದು, ಶವರ್ ಬಿಟ್ಟಿದ್ದು. ಮಾರಮ್ಮ ಸೋಪು ಅಳೆಯೋದು ಮುಚ್ಚಳದಲ್ಲಿ, ಬಾಟ್ಲೀಲಲ್ಲ. ಅವತ್ತು ನೆಲ ಒದ್ದೆ ಇತ್ತು, ಉಂಗುರ ಯಾರ ಕಣ್ಣಿಗೂ ಬೀಳ್ಲಿಲ್ಲ."

"ಹುಣಸೆ ನಾರು ಸಿಕ್ಕಿದೆ," ಎಂದರು ಸಬ್ಇನ್ಸ್‌ಪೆಕ್ಟರ್. ಚೊಂಬಿನ ಬಾಯಂಚಿನ ಮಡಿಕೆಗೆ ಟಾರ್ಚ್ ಬಿಟ್ಟರು. ಒಳಗೆ ಕಪ್ಪಗೆ ಒಣಗಿದ ಗೆರೆಯಿತ್ತು. "ಇದೂ ಲ್ಯಾಬಿಗೆ ಹೋಗುತ್ತೆ."

ಕಾಂತರಾಜ್ ಅದನ್ನೇ ನೋಡಿದ. ಆಮೇಲೆ ಹೊನ್ನೇಶನತ್ತ ತಿರುಗಿದ. "ಅಣ್ಣ ಆ ಕೇರೀಲಿ ಕೂತು ಕಾಫಿ ಕುಡಿದು ಬಂದ! ನಾಳೆ ಇವನು ನಮ್ಮ ದೇವರ ಮನೆಗೆ ಬರ್ತಾನೆ ಕಣೋ ಅಂದೆ. ಬರ್ಲಿ ಬಿಡೋ ಅಂತ ಕನ್ನಡೀಲೇ ನಕ್ಕ. ನಕ್ಕ ಕಣ್ರೀ."

ಅವನನ್ನು ಕರೆದೊಯ್ದ ಜೀಪಿನ ಧೂಳು ಅಡಗಿದ ಮೇಲೂ ಮಾರಮ್ಮ ಹೊಸ್ತಿಲಾಚೆಯೇ ನಿಂತಿದ್ದಳು.

"ಬಿಟ್ರಲ್ಲವ್ವ, ಅಷ್ಟು ಸಾಕು," ಎಂದಳು. "ನಾಳೆ ಬೆಳಿಗ್ಗೆ ಬತ್ತೀನಿ."

"ನಾಳೆಯಿಂದ ಕೆಲಸಕ್ಕೆ ಬರ್ಬೇಡಿ," ಎಂದಳು ಕೃತಿಕಾ. ಮಾರಮ್ಮನ ಮುಖ ಬಾಡಿತು. ಕೃತಿಕಾ ಬಂದು ಆಕೆಯ ಕೈ ಹಿಡಿದಳು. "ಒಳಗೆ ಬನ್ನಿ ಅತ್ತೆ."

ಮಾರಮ್ಮ ಸ್ನಾನದ ಮನೆಯತ್ತ ನೋಡಿದಳು. "ಆ ಕಲ್ಲು ಯಾರವ್ವ ಒರೆಸ್ತಾರೆ?"

"ಕೀಳಿಸ್ತೀನಿ."

ಎಲ್ಲರೂ ತಿಪ್ಪೇಶನತ್ತ ನೋಡಿದರು. ಚಂದ್ರ, ನೊಣ, ಎಮ್ಮೆ ಯಾವುದೂ ಅವನ ಬಾಯಿಗೆ ಬರಲಿಲ್ಲ. ಮರುದಿನ ಮೊದಲ ಬಸ್ಸಿಗೇ ಅವನು ಉಳಿ, ಸುತ್ತಿಗೆ ಹಿಡಿದು ಅಜ್ಜಂಪುರಕ್ಕೆ ಬಂದಿಳಿದ.