ವಿಷಯಸೂಚಿಯಲ್ಲಿ ದೋಣಿ ಹುಡುಕಿದವಳು

ಇನ್‌ಸ್ಪೆಕ್ಟರ್ ಲೆಸ್ಟರ್ ಠಾಣೆಯಲ್ಲಿ ಕುಳಿತು ಸೀನಿದರೆ ಪಣಂಬೂರು ಬಂದರಿನಲ್ಲಿ ಹಡಗುಗಳು ಲಂಗರು ಕಿತ್ತು ಓಡುತ್ತವೆ. ವಿಧಾನಸಭೆಯಲ್ಲಿ ಐವತ್ತು ವರ್ಷ ಆಡಿದ ಅಷ್ಟೂ ಮಾತನ್ನು ಒಂದು ಗ್ಲಾಸ್ ಚಹಾ ಆರುವುದರೊಳಗೆ ಓದಿ ಮುಗಿಸಿ ಅವರು ಆರೋಪಿಯನ್ನು ಹಿಡಿದರು. ನಂಬದವರು ಠಾಣೆಗೆ ಬಂದು ಆ ಗ್ಲಾಸನ್ನೇ ಕೇಳಬಹುದು.

ಜೂನ್ ಹನ್ನೊಂದು, ಬುಧವಾರ, ಬೆಳಿಗ್ಗೆ ಹನ್ನೊಂದೂವರೆ. ಕೊಟ್ಟಾರದ ಖಾಸಗಿ ಗ್ರಂಥಾಲಯವೊಂದರ ಸಹಾಯಕ ರೂಪೇಶ್ ರಕ್ತ ಮೆತ್ತಿದ ಅಂಗಿಯಲ್ಲೇ ಬಂದು ದೂರು ಕೊಟ್ಟ. ವಿಧಾನಸಭೆಯ ಚರ್ಚೆಗಳನ್ನು ಅಚ್ಚು ಹಾಕಿದ ಹಳೆಯ ಸಂಪುಟಗಳ ವಿಭಾಗ ನೋಡಿಕೊಳ್ಳುವ ಕೃಷ್ಣಕಿಶೋರನ ಬಲಗೈ ಬೈಂಡಿಂಗ್ ಪ್ರೆಸ್ಸಿನ ಎರಡು ಕಬ್ಬಿಣದ ಹಲಗೆಗಳ ನಡುವೆ ಇದ್ದಾಗ ಯಾರೋ ಮೇಲಿನ ಚಕ್ರ ತಿರುಗಿಸಿದ್ದರು. ರೂಪೇಶ್ ಚಹಾ ಕುಡಿದು ಬರುವಷ್ಟರಲ್ಲಿ ಎರಡು ಬೆರಳು ಕಾಗದದಷ್ಟು ತೆಳ್ಳಗಾಗಿದ್ದವು. ಗಂಭೀರ ಗಾಯದ ಕಲಮಿನಡಿ ಎಫ್‌ಐಆರ್ ದಾಖಲಾಯಿತು.

ಆಸ್ಪತ್ರೆಯಲ್ಲಿ ಕೃಷ್ಣಕಿಶೋರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಮಲಗಿದ್ದ.

"ಯಾರು ಮಾಡಿದ್ದು?"

"ನೋಡಲಿಲ್ಲ ಸಾರ್."

"ಚಕ್ರ ನಾಲ್ಕು ಸುತ್ತು ತಿರುಗಿದೆ ಅಂತ ರೂಪೇಶ್ ಹೇಳಿದ ಮಾರಾಯ. ನಾಲ್ಕರಲ್ಲಿ ಒಂದು ಸುತ್ತಿಗೂ ಮುಖ ಕಾಣಲಿಲ್ಲವಾ?"

ಕೃಷ್ಣಕಿಶೋರ ಎಡಗೈಯಿಂದ ಹೊದಿಕೆ ಎಳೆದುಕೊಂಡ. ಬೆರಳು ಜಜ್ಜಿಸಿಕೊಂಡವನು ಜಜ್ಜಿದವರ ಹೆಸರು ಮುಚ್ಚಿಡುತ್ತಾನೆ ಎಂದರೆ, ಹೆಸರಿನ ಹಿಂದೆ ತನ್ನದೇ ಏನೋ ಇದೆ. ಲೆಸ್ಟರ್ ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಕಾನ್‌ಸ್ಟೆಬಲ್ ನಳಿನಾಕ್ಷಿಯ ಜೊತೆ ಗ್ರಂಥಾಲಯಕ್ಕೆ ಹೋದರು.

ಸ್ಥಳ ಮಹಜರಿನಲ್ಲಿ ಪ್ರೆಸ್ಸಿನ ಕೆಳಗೆ ಒಂದು ಚೀಟಿ ಸಿಕ್ಕಿತು. ಒಂದು ಬದಿಯಲ್ಲಿ ಓದುಗರ ಕೋರಿಕೆ: "ಹೊಳೆ ದಾಟುವ ಕಡವಿನಲ್ಲಿ ದೋಣಿ ಮುಳುಗಿದ್ದರ ಬಗ್ಗೆ ವಿಧಾನಸಭೆಯಲ್ಲಿ ಕೇಳಿದ ಪ್ರಶ್ನೆ – ಕುಶಲಾ, ಪಂಪ್‌ವೆಲ್." ಮತ್ತೊಂದು ಬದಿಯಲ್ಲಿ ಕೃಷ್ಣಕಿಶೋರನ ಕೈಬರಹದಲ್ಲಿ ಸಂಪುಟ, ದಿನಾಂಕ, ಪುಟ. ಲೆಸ್ಟರ್ ಆ ಸಂಪುಟ ತೆಗೆಸಿ ಆ ಪುಟ ಬಿಡಿಸಿದರು. ಹುಚ್ಚುನಾಯಿಗಳನ್ನು ಹಿಡಿಯುವ ಬಗ್ಗೆ ಚರ್ಚೆ.

"ದೋಣಿ ಕೇಳಿದವರಿಗೆ ನಾಯಿ ಎಂತಕ್ಕೆ?"

ರೂಪೇಶ್ ಚೀಟಿಯನ್ನು ತಿರುಗಿಸಿ ನೋಡಿದ. "ತಪ್ಪಿ ಬರೆದಿರಬೇಕು."

"ಇದರಲ್ಲಿ ವಿಷಯ ಹುಡುಕುವುದು ಹೇಗೆ?"

"ಪ್ರತಿ ಅಧಿವೇಶನದ ಕೊನೆಯಲ್ಲಿ ಸೂಚಿ ಉಂಟು ಸಾರ್. ಸದಸ್ಯರ ಹೆಸರಿನದ್ದು ಒಂದು, ವಿಷಯದ್ದು ಒಂದು. ವಿಷಯ ಗೊತ್ತಿದ್ದರೆ ಅದರ ಎದುರು ಪುಟ ಇರ್ತದೆ."

ದೋಣಿ ಮುಳುಗಿದ ವರ್ಷವನ್ನು ರೂಪೇಶನೇ ಹೇಳಿದ; ಆ ವರ್ಷದ ಸೂಚಿಯ ಹಾಳೆಗಳು ಕೃಷ್ಣಕಿಶೋರನ ಡ್ರಾಯರಿನಲ್ಲಿ ಸಿಕ್ಕವು. ವಿಷಯಸೂಚಿಯಲ್ಲಿ 'ದೋಣಿ' ಎಂಬಲ್ಲಿ "ಅಪಘಾತಗಳು ನೋಡಿ" ಎಂದಿತ್ತು. 'ಅಪಘಾತಗಳು' ಎಂಬಲ್ಲಿ ಕಡವಿನ ದೋಣಿ ಮೂರನೆಯ ನಮೂದು. ಎದುರಿಗೆ ಪುಟಸಂಖ್ಯೆ. ಶಾಲೆಯ ಮಗುವಿಗೂ ಸಿಗುತ್ತಿತ್ತು. ನಳಿನಾಕ್ಷಿ ರೂಪೇಶನ ಮುಂದೆ ಬೆರಳಿಟ್ಟು ತೋರಿಸಿದಳು.

"ಇದು ನಿಮ್ಮ ಸಾರಿಗೆ ಕಾಣಲಿಲ್ಲವಾ?"

"ಕಂಡಿತ್ತು ಮೇಡಂ. ಮೊದಲ ದಿನವೇ." ಅವನ ಸ್ವರ ಇಳಿಯಿತು. "ಮೊದಲು ಹಂದಿಜ್ವರದ ಚರ್ಚೆಗೆ ಕಳಿಸಿದರು. ಮತ್ತೆ ಕೊಳಚೆಗುಂಡಿ. ಆ ಹೆಂಗಸು ಕನ್ನಡಕ ಹಾಕಿಕೊಂಡು ಅಷ್ಟೂ ಓದಿ, 'ಇಲ್ಲಿ ಇಲ್ಲವಲ್ಲ ಮಗಾ' ಅಂತ ಬರ್ತಿದ್ದರು. ಸೂಚಿ ಇರುವ ಹಾಳೆಗಳನ್ನು ಸಾರ್ ತನ್ನ ಡ್ರಾಯರಿನಲ್ಲಿ ಇಟ್ಟುಕೊಳ್ತಿದ್ದರು. ಇವತ್ತು ಎಲ್ಲಿಗೆ ಕಳಿಸುವ ಅಂತ ನಾವು ಚಹಾದ ಹೊತ್ತಿಗೆ..."

"ನಾವು?"

ರೂಪೇಶ್ ಅಂಗಿಯ ರಕ್ತದ ಕಲೆ ಉಜ್ಜತೊಡಗಿದ.

ಮಧ್ಯಾಹ್ನ ಎರಡು ಗಂಟೆಗೆ ಪಂಪ್‌ವೆಲ್‌ನ ಸಣ್ಣ ಟೈಲರ್ ಅಂಗಡಿಯಲ್ಲಿ ಕುಶಲಾ ಶಾಲೆಯ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದರು. ವಯಸ್ಸು ಅರವತ್ತೆಂಟು. ಪೊಲೀಸರನ್ನು ಕಂಡು ಹಲ್ಲಿನಿಂದ ದಾರ ಕತ್ತರಿಸಿದರು.

"ಕೃಷ್ಣಕಿಶೋರನ ಕೈ ಪ್ರೆಸ್ಸಿಗೆ ಹಾಕಿದ್ದು ನೀವಾ?"

"ಕೈ ಹಾಕಿದ್ದು ಅವನೇ. ಪುಸ್ತಕ ಸರಿ ಮಾಡ್ಲಿಕ್ಕೆ. ತಿರುಗಿಸಿದ್ದು ನಾನು."

"ಯಾಕೆ?"

"ಬಾಗಿಲಲ್ಲಿ ನಿಂತಿದ್ದೆ. 'ಮುದುಕಿಗೆ ನಾಳೆ ನಾಯಿ ಓದಿಸುವ' ಅಂತ ಫೋನಿನಲ್ಲಿ ನಗ್ತಿದ್ದ. ನನ್ನ ಅಣ್ಣ ಜಯ ಆ ದೋಣಿಯಲ್ಲಿ ಹೋದವ. ಹೆಣ ಸಿಗಲಿಲ್ಲ, ಫೋಟೋ ಇರಲಿಲ್ಲ. ಸತ್ತವರ ಹೆಸರು ಮಂತ್ರಿಗಳು ಸಭೆಯಲ್ಲಿ ಓದಿದ್ದಾರೆ ಅಂತ ಅಪ್ಪ ಸಾಯುವವರೆಗೆ ಹೇಳ್ತಿದ್ದರು. ಒಮ್ಮೆ ಅಚ್ಚಿನಲ್ಲಿ ನೋಡಬೇಕಿತ್ತು." ಗುಂಡಿಗಳ ಡಬ್ಬಿ ಮುಚ್ಚಿ ಕೇಳಿದರು: "ಎಷ್ಟು ಬೆರಳು ಹೋಯಿತು?"

"ಎರಡು."

"ಅಷ್ಟೆಯಾ?"

ದಸ್ತಗಿರಿ ಮಾಡಿ ಠಾಣೆಗೆ ಕರೆತಂದರು. ಲೆಸ್ಟರ್ ಆ ಸಂಪುಟವನ್ನು ಮೇಜಿನ ಮೇಲೆ ತೆರೆದರು. ಮಂತ್ರಿಯ ಉತ್ತರದ ನಡುವೆ ಚಿನ್ನದ ಅಕ್ಷರದಲ್ಲಿ ಬರೆದ ಹಾಗೆ ಹೊಳೆಯುತ್ತಿತ್ತು ಜಯನ ಹೆಸರು! ಕುಶಲಾ ಅದನ್ನು ಕಣ್ಣಿಗೊತ್ತಿಕೊಂಡಾಗ ಇಡೀ ಠಾಣೆ ಅತ್ತಿತು, ಲಾಕಪ್ಪಿನ ಕಳ್ಳರೂ ಸೇರಿ.

ನಾನು ಇಷ್ಟು ಬರೆದದ್ದನ್ನು ನಳಿನಾಕ್ಷಿ ಓದಿದಳು. ಕಾಗದ ಮೇಜಿನ ಮೇಲೆ ಹಾಕಿದಳು.

"ಅಲ್ಲಿ ಇದ್ದದ್ದು ನಾನು, ನೀವಲ್ಲ. ಆ ಪುಟದಲ್ಲಿ ಜಯನ ಹೆಸರು ಎಲ್ಲಿ ಉಂಟು, ಹೇಳಿ ನೋಡುವ?"

ಇಲ್ಲ. ಒಪ್ಪಿಕೊಳ್ಳುತ್ತೇನೆ. ಸೀನು, ಹಡಗು, ಚಹಾ ಎಲ್ಲ ನನ್ನದೇ ಕಟ್ಟುಕತೆ. ಅವುಗಳಿಂದ ಯಾರಿಗೂ ನಷ್ಟವಿಲ್ಲ. ಹೆಸರಿನ ಸುಳ್ಳು ಹೇಳಬಾರದಿತ್ತು. ಮಂತ್ರಿಯ ಉತ್ತರದಲ್ಲಿ ಕಡವಿನ ಗುತ್ತಿಗೆದಾರನ ಹೆಸರಿದೆ, ದೋಣಿಯ ಉದ್ದ ಇದೆ. ಸತ್ತವರ ಬಗ್ಗೆ "ಹನ್ನೊಂದು ಮಂದಿ" ಎಂದಿದೆ, ಮತ್ತೇನಿಲ್ಲ. ಕೃಷ್ಣಕಿಶೋರ ಆಮೇಲೆ ಕೊಟ್ಟ ಹೇಳಿಕೆಯಲ್ಲೂ ಅದೇ ಇದೆ: "ಹೆಸರಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಹೇಳಿದ್ದರೆ ಅವರು ಬರುವುದು ನಿಲ್ಲಿಸ್ತಿದ್ದರು. ಮತ್ತೆ ನಮಗೆ ಟೈಂಪಾಸ್ ಎಂತ?"

ಲೆಸ್ಟರ್ ಅಂದು ಉತ್ತರವನ್ನು ಗಟ್ಟಿಯಾಗಿ ಓದಿದರಂತೆ. ಹನ್ನೊಂದು ಮಂದಿ ಎಂಬಲ್ಲಿ ಒಂದು ಕ್ಷಣ ನಿಂತು, "ಜಯ" ಎಂದು ಸೇರಿಸಿದರಂತೆ. ಕುಶಲಾ ಎದ್ದು ಮೇಜಿನ ಹತ್ತಿರ ಬಂದು ಬೆರಳು ಚಾಚಿದರು.

"ಯಾವ ಸಾಲು ಸಾರ್?"

ಲೆಸ್ಟರ್ ಸಂಪುಟ ಮುಚ್ಚಿದರು.

"ಇದು ಸಾಕ್ಷ್ಯ ಅಮ್ಮ. ಆರೋಪಿ ಮುಟ್ಟುವ ಹಾಗಿಲ್ಲ."