ಸಿನ್ಯಾರಿ ಕವಲಿನ ಹಳದಿ ಬಾಣಗಳು

ಮಾರ್ಚ್ ಇಪ್ಪತ್ತೇಳರ ಬೆಳಿಗ್ಗೆ ಗ್ವಾಡಖಾಲ್ ಠಾಣೆಗೆ ಬಂದ ಸಾಹಿಲ್ ಖುರಾನಾ, ಕುರ್ಚಿ ತೋರಿಸಿದರೂ ಕೂರಲಿಲ್ಲ. ದೇಹರಾದೂನಿನ ಚಾರಣ ಕಂಪನಿಯೊಂದಕ್ಕೆ ಅವನು ಈ ಕಣಿವೆಯ ಮ್ಯಾನೇಜರ್. ಹಿಂದಿನ ದಿನ ಅವನ ಕಂಪನಿಯ ಜೊತೆ ಬುರಾಂಶ್ ಹೂವಿನ ಕಾಡು ನೋಡಲು ಹೋದವರಲ್ಲಿ ಒಬ್ಬ ಹೆಂಗಸು ದಾರಿ ತಪ್ಪಿ ಕೊರಕಲಿಗೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ದಾರಿಯುದ್ದಕ್ಕೂ ಕಂಪನಿ ಬಳಿಸಿದ್ದ ಹಳದಿ ಬಾಣದ ಗುರುತುಗಳನ್ನು ಯಾರೋ ಬೇಕೆಂದೇ ಅಳಿಸಿದ್ದಾರೆ ಎಂಬುದು ಅವನ ದೂರು.

ಇನ್ಸ್‌ಪೆಕ್ಟರ್ ಇಂದ್ರೇಶ್ ಪುಂಡೀರ್ ದೂರನ್ನು ಎರಡು ಸಲ ಓದಿದರು.

“ಯಾರ ಮೇಲೆ ಅನುಮಾನ?”

“ಸಿನ್ಯಾರಿ ಊರಿನ ಹೆಂಗಸರ ಮೇಲೆ.”

“ಯಾವ ಹೆಂಗಸು?”

“ಎಲ್ಲರೂ ಸರ್. ಅವರಿಗೆ ನಮ್ಮನ್ನ ಕಂಡ್ರೆ ಆಗಲ್ಲ.”

“ಇಡೀ ಊರನ್ನ ಲಾಕಪ್ಪಲ್ಲಿ ಹಾಕೋಕೆ ನನ್ನ ಹತ್ರ ಜಾಗ ಇಲ್ಲ,” ಎಂದರು ಪುಂಡೀರ್. ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಾಯಿತು. ದಾರಿಯ ಗುರುತು ನಾಶಮಾಡಿದ್ದು ಒಂದು. ಜೀವಕ್ಕೆ ಅಪಾಯವಾಗುವಂತೆ ನಡೆದುಕೊಂಡು ತೀವ್ರ ಗಾಯಕ್ಕೆ ಕಾರಣವಾದದ್ದು ಇನ್ನೊಂದು.

ಜೀಪು ರಸ್ತೆ ಮುಗಿಯುವಲ್ಲಿಗೆ ನಿಂತಿತು. ಅಲ್ಲಿಂದ ಮುಂದೆ ನಡಿಗೆ. ಪುಂಡೀರ್ ಜೊತೆ ಇದ್ದವರು ಕಾನ್‌ಸ್ಟೆಬಲ್ ಭರತ್ ಕಂಡಾರಿ ಮತ್ತು ಮಹಿಳಾ ಕಾನ್‌ಸ್ಟೆಬಲ್ ಸುಲೋಚನಾ ಬುಟೋಲಾ. ಜಾಗ ತೋರಿಸಲು ಖುರಾನಾನೂ ಬಂದಿದ್ದ. ದಾರಿ ನಿಜಕ್ಕೂ ಸುಲಭದ್ದು. ಜೀವಮಾನದಲ್ಲಿ ಬೆಟ್ಟ ಹತ್ತದವರೂ ಬರಬಹುದು ಎಂದು ಕಂಪನಿ ಜಾಹೀರಾತು ಕೊಡುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಚೈತ್ರ ಹುಟ್ಟಿದ್ದರಿಂದ ಕಾಡಿಗೆ ಕಾಡೇ ಕೆಂಪಾಗಿತ್ತು. ಉದುರಿದ ಹೂವಿನ ಮೇಲೆ ಹೇಸರಗತ್ತೆಗಳು ನಡೆದು ದಾರಿಯೂ ಕೆಂಪಾಗಿತ್ತು. ಹೊಟ್ಟೆ ಹೊತ್ತು ಏದುಸಿರು ಬಿಡುತ್ತಿದ್ದ ಕಂಡಾರಿ ಹೂವಿನ ಎಸಳು ಕಿತ್ತು ಬಾಯಿಗೆ ಹಾಕಿಕೊಂಡು, ಹುಳಿ ಇದ್ದರೆ ದಣಿವು ಆಗುವುದಿಲ್ಲ ಎಂದ. ಹಾಗಾದರೆ ಮರವನ್ನೇ ತಿನ್ನಬೇಕಾಗುತ್ತದೆ ಎಂದು ಸುಲೋಚನಾ ಮುಂದೆ ನಡೆದಳು.

ಕೆಳಗಿನ ಚಹಾ ಅಂಗಡಿಯವನನ್ನೂ ಒಬ್ಬ ಹೇಸರಗತ್ತೆಯವನನ್ನೂ ಪಂಚರನ್ನಾಗಿ ಕರೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಪಂಚನಾಮೆ ಶುರುವಾಯಿತು. ಬಂಡೆಗಳ ಮೇಲೆ, ಕಾಂಡಗಳ ಮೇಲೆ ಇದ್ದ ಬಾಣಗಳಿಗೆಲ್ಲ ಕರಿ ಎಣ್ಣೆ ಬಳಿದಿತ್ತು. ಪುಂಡೀರ್ ಬೆರಳಲ್ಲಿ ಮುಟ್ಟಿ ಮೂಸಿದರು. ಗಾಡಿಯ ಇಂಜಿನ್‌ನಿಂದ ತೆಗೆದ ಸುಟ್ಟ ಎಣ್ಣೆ. ಇಲ್ಲಿನವರು ಬಾಗಿಲ ಚೌಕಟ್ಟಿಗೆ ಹುಳು ಹಿಡಿಯದಿರಲೆಂದು ಹಚ್ಚುವುದು ಅದನ್ನೇ.

ದಾರಿ ಎರಡಾಗುವ ಕಡೆ ಎಲ್ಲರೂ ನಿಂತರು. ಬಲಕ್ಕೆ ಹೋದರೆ ಕಂಪನಿಯ ಡೇರೆಗಳು. ಎಡದ್ದು ಹುಲ್ಲು ಕೊಯ್ಯುವವರ ಕಾಲುದಾರಿ. ಸ್ವಲ್ಪ ದೂರ ಚೆನ್ನಾಗಿಯೇ ಹೋಗಿ ಆಮೇಲೆ ಕೊರಕಲಿಗೆ ಇಳಿಯುತ್ತದೆ. ಆ ಹೆಂಗಸು ಬಿದ್ದದ್ದು ಅಲ್ಲಿ. ಕವಲಿನ ಮಧ್ಯೆ ಸೊಂಟದೆತ್ತರದ ಒಂದು ಕಲ್ಲು ನೆಟ್ಟಿತ್ತು. ಅದರ ಮೇಲೂ ಬಾಣ ಇತ್ತೆಂದು ಖುರಾನಾ ಹೇಳಿದ. ಆದರೆ ಆ ಕಲ್ಲಿಗೆ ಎಣ್ಣೆ ಹಚ್ಚಿರಲಿಲ್ಲ. ಬೂದಿ, ಮರಳು ಹಾಕಿ ತಿಕ್ಕಿ, ನೀರು ಸುರಿದು ತೊಳೆದಿದ್ದರು. ಕಲ್ಲಿನ ಸಣ್ಣ ಕುಳಿಗಳಲ್ಲಿ ಮಾತ್ರ ಒಂದಿಷ್ಟು ಹಳದಿ ಉಳಿದಿತ್ತು.

ಪುಂಡೀರ್ ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ದಾರಿ ತಪ್ಪಿಸುವುದಷ್ಟೇ ಉದ್ದೇಶವಾಗಿದ್ದರೆ ಈ ಒಂದು ಕಲ್ಲಿಗೆ ಇಷ್ಟು ಕಷ್ಟ ಪಡುವ ಅಗತ್ಯವಿರಲಿಲ್ಲ. ಹೇಸರಗತ್ತೆಯವನು ಕಲ್ಲನ್ನು ಬಲಕ್ಕೆ ಬಿಟ್ಟು ಸುತ್ತಿಕೊಂಡು ಬಂದದ್ದನ್ನೂ ಅವರು ಗಮನಿಸಿದ್ದರು.

“ಇದೇನು ಕಲ್ಲು?”

“ಕಲ್ಲು, ಸಾಹೇಬ್,” ಎಂದು ಅವನು ಬೇರೆ ಕಡೆ ನೋಡಿದ.

ಖುರಾನಾನನ್ನು ಕೇಳಿದರೆ, ಅದು ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಇತ್ತು, ಅದಕ್ಕೇ ಬಳಿಸಿದೆವು ಎಂದ. ಹೆಂಗಸರು ಬಂದು ಬೇಡ ಅಂದದ್ದು ನಿಜ. ಎರಡು ಮೂರು ಸಲ ತೊಳೆದೂ ಹಾಕಿದ್ದರು. ಪ್ರತಿ ಸಲ ಮತ್ತೆ ಬಳಿಸಿದ್ದಾಯಿತು.

“ಗುಂಪಿನ ಜೊತೆ ಗೈಡ್ ಎಷ್ಟು ಜನ ಇದ್ರು?”

“ಒಬ್ಬ. ಮುಂದೆ.”

“ಹಿಂದೆ ಯಾರು?”

“ಸುಲಭದ ದಾರಿ ಸರ್. ಬಾಣ ಇದ್ವಲ್ಲ.”

“ಅಂದ್ರೆ ಹಿಂದಿನ ಗೈಡು ಬಾಣಾನೇ,” ಎಂದರು ಪುಂಡೀರ್. ಅದನ್ನೂ ಬರೆದುಕೊಳ್ಳಲು ಸುಲೋಚನಾಗೆ ಹೇಳಿದರು.

ಸಿನ್ಯಾರಿಯಲ್ಲಿ ನೀರಿನ ಧಾರೆಯ ಬಳಿ ಏಳೆಂಟು ಹೆಂಗಸರಿದ್ದರು. ಪೊಲೀಸರನ್ನು ಕಂಡು ಯಾರೂ ಎದ್ದು ಹೋಗಲಿಲ್ಲ. ಪಾತ್ರೆ ತಿಕ್ಕುವುದನ್ನೂ ನಿಲ್ಲಿಸಲಿಲ್ಲ. ಸುಲೋಚನಾ ಆಚೆ ಬೆಟ್ಟದವಳಾದ್ದರಿಂದ ಮಾತು ಅವಳೇ ತೆಗೆದಳು. ಎಲ್ಲರಿಗಿಂತ ಹಿರಿಯಳಾದ ಝಬರಿ ದೇವಿಯನ್ನು ದೊಡ್ಡಮ್ಮ ಎನ್ನುವಂತೆ ಬೋಡಿ ಎಂದು ಕರೆದು, ಬಾಣಗಳ ಬಣ್ಣ ಹೋದದ್ದು ಗೊತ್ತೇ ಎಂದು ಕೇಳಿದಳು.

“ಹೋಯ್ತಾ? ಮಳೆಗೆ ಹೋಗಿರ್ಬೇಕು.”

“ಮಳೆ ಬಿದ್ದು ತಿಂಗಳಾಯ್ತು ಬೋಡಿ.”

“ಹಂಗಾದ್ರೆ ಬಿಸಿಲಿಗೆ.”

ಹೆಂಗಸರು ನಕ್ಕರು. ಒಬ್ಬಳು ಕಂಡಾರಿಯ ಹೊಟ್ಟೆ ನೋಡಿ, ಸಾಹೇಬರು ಇಷ್ಟು ದೂರ ಹತ್ತಿ ಬಂದಿದ್ದಾರೆ, ಅವರನ್ನೂ ಬಾಣವೇ ಎಳೆದುಕೊಂಡು ಬಂತೋ ಏನೋ ಎಂದಳು. ಪ್ರತಿ ಮನೆಯಲ್ಲೂ ಚಹಾ ಕೊಟ್ಟರು, ಒಬ್ಬಳಂತೂ ರಾಗಿಯ ರೊಟ್ಟಿ ಮೇಲೆ ತುಪ್ಪ ಹಾಕಿ ಕಂಡಾರಿಯ ಕೈಗಿಟ್ಟಳು. ಉತ್ತರ ಮಾತ್ರ ಯಾರೂ ಕೊಡಲಿಲ್ಲ. ಪುಂಡೀರ್ ಕವಲಿನ ಕಲ್ಲಿನ ಮಾತೆತ್ತಿದಾಗ ನಗು ನಿಂತಿತು. ಝಬರಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು.

“ಅದರ ಸುದ್ದಿ ನಿಮಗ್ಯಾಕೆ? ಅದೇನು ಬಣ್ಣ ಕೇಳಿತ್ತಾ?”

ಊರಿನಲ್ಲಿ ಬೀಗ ಹಾಕಿದ್ದ ಮನೆ ಒಂದೇ. ಅದರ ಬಾಗಿಲ ಚೌಕಟ್ಟು ಹೊಸದು, ಹಚ್ಚಿದ ಕರಿ ಎಣ್ಣೆ ಇನ್ನೂ ಹೊಳೆಯುತ್ತಿತ್ತು. ಸೂರಿನ ಕೆಳಗೆ ಅರ್ಧ ಖಾಲಿಯಾದ ಎಣ್ಣೆ ಡಬ್ಬಿ, ಕೋಲಿಗೆ ಸುತ್ತಿದ ಬಟ್ಟೆ. ಪಂಚರ ಎದುರಿಗೇ ಎರಡನ್ನೂ ವಶಪಡಿಸಿಕೊಂಡು ಸೀಲು ಹಾಕಲಾಯಿತು. ಮನೆ ಬೈಸಾಖಿ ದೇವಿಯದು. ಗಂಡ ಚಂಡೀಗಢದ ಹೋಟೆಲಿನಲ್ಲಿ ಅಡುಗೆಯವನು. ಬೈಸಾಖಿ ಎಲ್ಲಿ ಎಂದು ಕೇಳಿದ್ದಕ್ಕೆ ಮಾತ್ರ ಹೆಂಗಸರು ನೇರವಾಗಿ ಉತ್ತರ ಕೊಟ್ಟರು: ಜಿಲ್ಲಾ ಆಸ್ಪತ್ರೆಯಲ್ಲಿದ್ದಾಳೆ. ಕೊರಕಲಿನಲ್ಲಿ ಬಿದ್ದಿದ್ದವಳನ್ನು ಹುಡುಕಿ ತೆಗೆದವಳು ಅವಳೇ. ನಾಲ್ವರು ಸೇರಿ ಡೋಲಿ ಕಟ್ಟಿ ಹೊತ್ತು ಇಳಿಸಿದರು. ಉಳಿದ ಮೂವರು ತಿರುಗಿ ಬಂದರು, ಬೈಸಾಖಿ ಬರಲಿಲ್ಲ.

ಇಳಿಯುವಾಗ ಕಂಡಾರಿ, ಉಳಿಸಿದವಳನ್ನೇ ಹಿಡಿಯುವುದೇ ಎಂದು ಕೇಳಿದ. ಅದು ಇನ್ನೂ ಗೊತ್ತಾಗಿಲ್ಲ ಎಂದರು ಪುಂಡೀರ್. ಆದರೆ ಗೊತ್ತಾಗಿದೆ ಎಂದೇ ಅವರಿಗೂ ಅನಿಸುತ್ತಿತ್ತು.

ಮರುದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಗಾಯಾಳುವಿನ ಹೇಳಿಕೆ ಪಡೆದರು. ಮೃದುಲಾ ಪೋಫಳೆ, ನಾಸಿಕ್‌ನವಳು, ಅಂಚೆ ಕಚೇರಿಯಲ್ಲಿ ಕೆಲಸ. ಐವತ್ತನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ಬೆಟ್ಟ ಹತ್ತಿದ್ದಳು. ಕಾಲಿಗೆ ಸರಳು ಹಾಕಿದ್ದರು; ನಡೆಯುವುದಕ್ಕೆ ತಿಂಗಳುಗಟ್ಟಲೆ ಬೇಕು, ಮೊದಲಿನಂತೆ ಆಗುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ಹೂವಿನ ಫೋಟೊ ತೆಗೆಯುತ್ತ ಹಿಂದುಳಿದೆ ಎಂದಳು. ಕವಲಿನಲ್ಲಿ ಯಾರೂ ಇರಲಿಲ್ಲ. ಎಡದ ದಾರಿ ಅಗಲವಾಗಿ ಕಂಡಿತು. ಬಿದ್ದ ಮೇಲೆ ಕೂಗಿ ಕೂಗಿ ಗಂಟಲು ಕಟ್ಟಿತ್ತು. ಹೊತ್ತು ಮುಳುಗುವ ಮುಂಚೆ ಆ ಹೆಂಗಸು ಹುಲ್ಲು ಹಿಡಿದುಕೊಂಡು ಇಳಿದು ಬಂದಳು.

“ನನ್ನ ತಲೆ ತೊಡೆ ಮೇಲಿಟ್ಕೊಂಡು ಏನೋ ಜಪ ಮಾಡ್ತಿದ್ಲು. ಮಿನ ಕರಿ, ಮಿನ ಕರಿ ಅಂತ. ಯಾವ ದೇವರೋ ಗೊತ್ತಿಲ್ಲ. ಆದ್ರೆ ನಂಗೆ ಧೈರ್ಯ ಬಂತು.”

ಬರೆಯುತ್ತಿದ್ದ ಸುಲೋಚನಾಳ ಕೈ ನಿಂತಿತು. ಗಢವಾಲಿಯಲ್ಲಿ ಆ ಮಾತಿಗೆ ‘ನಾನೇ ಮಾಡಿದೆ’ ಎಂದು ಅರ್ಥ. ಪುಂಡೀರ್‌ಗೂ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅಷ್ಟರಲ್ಲಿ ಬೈಸಾಖಿ ಗಂಜಿಯ ಡಬ್ಬಿ ಹಿಡಿದು ಒಳಗೆ ಬಂದಳು. ನಲವತ್ತರ ಆಸುಪಾಸು, ಗಟ್ಟಿ ಆಳು, ಮೊಣಕೈಯವರೆಗೂ ಹಳೆಯ ಸುಟ್ಟ ಗಾಯದ ಕಲೆ. ಖಾಕಿ ನೋಡಿ ಬೆದರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಮೃದುಲಾಳ ದಿಂಬು ಸರಿಮಾಡಿ, ತಾನಾಗಿಯೇ ಹೊರಗೆ ನಡೆದಳು.

“ಕೇಳಿ,” ಎಂದಳು ವರಾಂಡದಲ್ಲಿ.

“ಬಾಣ ಅಳಿಸಿದ್ದು ನೀನಾ?”

“ನಾನೇ.”

“ಜೊತೆಗೆ ಯಾರು?”

“ನಾನೊಬ್ಬಳೇ. ನೀವು ಊರವರನ್ನೆಲ್ಲ ಎಳೀಬೇಡಿ.”

“ಒಂದು ಕಲ್ಲಿನ ಮೇಲೆ ಸಿಟ್ಟಿದ್ರೆ ಎಲ್ಲಾ ಯಾಕೆ ಅಳಿಸಿದೆ?”

ಮೂರು ಸಲ ಆ ಒಂದನ್ನೇ ತೊಳೆದಿದ್ದೆ ಎಂದಳು ಅವಳು. ಮೂರು ಸಲವೂ ಮತ್ತೆ ಬಳಿದರು. ಕೊನೆಯ ಸಲ ಬಾಣದ ಪಕ್ಕದಲ್ಲಿ ನಗುವ ಮುಖ ಬೇರೆ ಬರೆದಿದ್ದರು. ಆವತ್ತೇ ಡಬ್ಬಿ ತೆಗೆದುಕೊಂಡು ಹೋದಳು. ದಾರಿ ಗೊತ್ತಿಲ್ಲದವರಿಗೆ ತೊಂದರೆಯಾಗಬಾರದೆಂದು ಮರುದಿನ ಬೆಳಗಿನಿಂದ ತಾನೇ ಕವಲಿನಲ್ಲಿ ಕೂತು, ಬಂದವರಿಗೆಲ್ಲ ಕೈ ತೋರಿಸಿದ್ದಳು. ಗುಂಪು ದಾಟಿತು. ಎಲ್ಲರೂ ಹೋದರೆಂದುಕೊಂಡು ಹುಲ್ಲಿಗೆ ಎದ್ದಳು. ಒಬ್ಬಳು ಹಿಂದೆ ಉಳಿದಿದ್ದಾಳೆಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಆ ಹೊತ್ತಿಗೆ ಖುರಾನಾ ಬಂದ. ಹಿಂದೆ ಗೈಡ್ ಇಲ್ಲದ್ದಕ್ಕೆ ತನ್ನ ಕಂಪನಿಯ ಮೇಲೂ ಪ್ರಕರಣ ಆಗುತ್ತದೆಂಬ ಸುದ್ದಿ ಅವನಿಗೆ ಮುಟ್ಟಿತ್ತು. ದನಿ ಇಳಿದಿತ್ತು. ಬೈಸಾಖಿಯನ್ನು ದೀದಿ ಎಂದು ಕರೆದ. ತಪ್ಪಾಯಿತು ಎಂದು ಒಂದು ಮಾತು ಹೇಳಿದರೆ ಸಾಕು, ದೂರು ಮುಂದುವರಿಸುವುದಿಲ್ಲ, ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳೋಣ ಎಂದ.

“ತಪ್ಪಾಗಿದೆ,” ಎಂದಳು ಬೈಸಾಖಿ. “ಆ ಒಳಗೆ ಮಲಗಿದಾಳಲ್ಲ, ಅವಳ ಮುಂದೆ. ಅವಳ ಕಾಲು ಹಿಡಿದು ಹೇಳಿದೀನಿ, ಇನ್ನೂ ಹೇಳ್ತೀನಿ. ನಿಂಗೆ ಯಾಕೆ ಹೇಳ್ಬೇಕು?”

“ನಮ್ಮ ಗುರುತು ಅಳಿಸಿದ್ದಕ್ಕೆ.”

“ಅಳಿಸಿದ್ದು ಯಾರು ಅಂತ ಎಲ್ಲಾರೂ ಕೇಳ್ತಿದೀರಿ. ಬಳಿದಿದ್ದು ಯಾರನ್ನ ಕೇಳಿ ಅಂತ ಒಬ್ರೂ ಕೇಳ್ಲಿಲ್ಲ. ಮತ್ತೆ ಬಳಿ, ಮತ್ತೆ ಅಳಿಸ್ತೀನಿ. ಈ ಸಲ ಎಲ್ಲರೂ ದಾಟೋವರೆಗೂ ಅಲ್ಲೇ ಕೂತಿರ್ತೀನಿ, ಅಷ್ಟೇ ವ್ಯತ್ಯಾಸ.”

ಹೀಗೆಲ್ಲ ಪೊಲೀಸರ ಎದುರಿಗೆ ಹೇಳಬಾರದು ಎಂದು ಸುಲೋಚನಾ ಅವಳ ತೋಳು ಮುಟ್ಟಿದಳು. ಬೈಸಾಖಿ ತೋಳು ಬಿಡಿಸಿಕೊಂಡಳು.

“ಇವರ ಹಿಂದೆ ಹೇಳಿದ್ರೆ ಯಾರಿಗೆ ಕೇಳ್ಸತ್ತೆ ಭುಲಿ?”

ತಂಗಿ ಎಂದು ಕರೆಸಿಕೊಂಡ ಸುಲೋಚನಾ ಪೆನ್ನು ಮುಚ್ಚಿ ಜೇಬಿಗೆ ಹಾಕಿದಳು.

ಒಳಗಿನಿಂದ ಮೃದುಲಾ ಕೂಗಿದಳು. ಎಲ್ಲವೂ ಅವಳಿಗೆ ಕೇಳಿಸಿತ್ತು. ತನಗೆ ದೂರಿಲ್ಲ, ಆ ಹೆಂಗಸನ್ನು ಬಿಟ್ಟುಬಿಡಿ ಎಂದಳು. ಪ್ರಕರಣ ದಾಖಲಾಗಿದೆ, ಗಾಯ ಸಣ್ಣದಲ್ಲ, ಬಿಡುವುದು ತಮ್ಮ ಕೈಯಲ್ಲಿಲ್ಲ ಎಂದು ಪುಂಡೀರ್ ವಿವರಿಸಿದರು. ಹೇಳುವಾಗ ಅವರು ಅವಳ ಮುಖ ನೋಡದೆ ಗಂಜಿಯ ಡಬ್ಬಿಯನ್ನು ನೋಡುತ್ತಿದ್ದರು. ಬೈಸಾಖಿ ಅವರ ಪಕ್ಕದಿಂದ ಒಳಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದಳು. ಆರುವ ಮುಂಚೆ ಕುಡಿ ಎಂದು ಚಮಚ ಕೈಗಿಟ್ಟು ಬಂದಳು.

ಸೂರ್ಯ ಮುಳುಗುವ ಮುಂಚೆ, ಸುಲೋಚನಾಳ ಸಮಕ್ಷಮದಲ್ಲಿ ಬಂಧನ ನಡೆಯಿತು. ಬೇಡಿ ಹಾಕಲಿಲ್ಲ. ಜಾಮೀನು ಸಿಗುವ ಅಪರಾಧ, ನಾಳೆಯೇ ಮನೆಗೆ ಹೋಗಬಹುದು ಎಂದು ಹೇಳಿದರೂ ಅವಳು ಸಮಾಧಾನವನ್ನೂ ತೋರಿಸಲಿಲ್ಲ, ಭಯವನ್ನೂ ತೋರಿಸಲಿಲ್ಲ. ಜೀಪಿನಲ್ಲಿ ಸುಲೋಚನಾ ಹೇಳಿಕೆಯ ಹಾಳೆ ತೊಡೆಯ ಮೇಲಿಟ್ಟುಕೊಂಡು, ಆ ಕಲ್ಲಲ್ಲಿ ಅಂಥದ್ದೇನಿದೆ ದೀದಿ ಎಂದು ಕೇಳಿದಳು.

ನಾಲ್ಕು ವರ್ಷದ ಹಿಂದೆ, ಬೇಸಿಗೆಯ ಕೊನೆಯಲ್ಲಿ, ಕೆಳಗಿನ ಪೈನ್ ಮರಗಳಿಂದ ಬೆಂಕಿ ಹತ್ತಿಕೊಂಡು ಮೇಲೆ ಬಂದಿತ್ತು. ಊರಿನ ಹೆಂಗಸರೆಲ್ಲ ಹಸಿ ಕೊಂಬೆ ಹಿಡಿದು ಬಡಿಯಲು ಹೋದರು. ಬೈಸಾಖಿಯ ಜೊತೆಗೆ ಅವಳ ನಾದಿನಿ ಸುರ್ಮಾ ಇದ್ದಳು. ಮದುವೆ ಗೊತ್ತಾಗಿದ್ದ ಹುಡುಗಿ. ಕವಲಿನ ಹತ್ತಿರ ಬೆಂಕಿಯನ್ನು ನಿಲ್ಲಿಸಿದರು. ಮೇಲಿನ ಬುರಾಂಶ್ ಕಾಡು ಉಳಿದದ್ದು ಅಲ್ಲಿ ನಿಲ್ಲಿಸಿದ್ದರಿಂದ. ಇನ್ನೇನು ಮುಗಿಯಿತು ಅನ್ನುವಾಗ ಗಾಳಿ ತಿರುಗಿತು. ಸುರ್ಮಾ ಅತ್ತಿಗೆಯನ್ನು ಎರಡೂ ಕೈಯಿಂದ ಇಳಿಜಾರಿಗೆ ದೂಡಿದಳು. ತಾನು ದಾಟಲಿಲ್ಲ.

“ನದಿಗೆ ಹೊತ್ತುಕೊಂಡು ಹೋಗೋಕೆ ಏನೂ ಉಳಿದಿರ್ಲಿಲ್ಲ,” ಎಂದಳು ಬೈಸಾಖಿ. “ಅಲ್ಲೇ ಮಣ್ಣು ಮುಚ್ಚಿ ಕಲ್ಲು ನಿಲ್ಲಿಸಿದ್ವಿ. ಅವಳ ಮೇಲೆ ಬಾಣ ಬರೆದು, ಹೂವು ಮುಂದೆ ಇದೆ, ನಡೀರಿ ಅಂತಿದ್ರು.”

ಜೀಪು ಓಡಿಸುತ್ತಿದ್ದ ಕಂಡಾರಿ ತಿರುವಿನಲ್ಲಿ ಹಾರ್ನ್ ಹೊಡೆಯುವುದನ್ನು ಮರೆತ.

“ಇದನ್ನ ಮೊದಲೇ ಹೇಳಿದ್ರೆ ಖುರಾನಾ ಬಳಿಸ್ತಿರ್ಲಿಲ್ವೇನೋ,” ಎಂದರು ಪುಂಡೀರ್ ಮುಂದಿನ ಸೀಟಿನಿಂದ.

“ಹೇಳಿದ್ವಿ ಸಾಹೇಬ್. ನಡೆಯೋರ ಮನಸ್ಸು ಕೆಡತ್ತೆ, ಜೋರಾಗಿ ಹೇಳ್ಬೇಡಿ ಅಂದ.”

ಅದನ್ನೆಲ್ಲ ಒಂದಕ್ಷರವೂ ಬಿಡದೆ ಬರೆದುಕೊಳ್ಳಲು ಪುಂಡೀರ್ ಸುಲೋಚನಾಗೆ ಹೇಳಿದರು. ಕೋರ್ಟಿಗೆ ಅದು ಬೇಕಾಗುತ್ತದೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಬೈಸಾಖಿ ಪಕ್ಕಕ್ಕೆ ವಾಲಿ, ಓದಲು ಬಾರದಿದ್ದರೂ, ಹಾಳೆಯ ಮೇಲೆ ಪೆನ್ನು ಓಡುವುದನ್ನೇ ನೋಡುತ್ತಿದ್ದಳು.

“ಸುರ್ಮಾ ಅಂತ ಎಲ್ಲಿ ಬರ್ದಿದೀಯ, ತೋರ್ಸು,” ಎಂದಳು.

ಸುಲೋಚನಾ ಬೆರಳಿಟ್ಟು ತೋರಿಸಿದಳು.